ಏರ್ ಪಂಡಿನಿ?

ಮೂಲ ಹೇಳುವ ವಿಷಯದಲ್ಲಿ ಇಂಗ್ಲಿಷ್ ಬರೆಯುವವರು ಭಾರೀ ಕಂಜೂಸು. ‘ಆ್ಯಸ್ ರಿಪೋರ್ಟೆಡ್ ಬೈ ಬುಕಾನನ್’ ಎಂದು ಬರೆದು ಮುಂದೆ ಹೋಗುತ್ತಾರೆ. ಅಲ್ಲೊಂದು ಕರ್ತೃಪದ ಇರಬೇಕಿತ್ತು, ಹೊಡೆದು ಹಾಕಿದರು. ‘ಇಸ್’ ಎಂಬ ಸಹಾಯಕ ಕ್ರಿಯಾಪದ ಇರಬೇಕಿತ್ತು, ಅದನ್ನೂ ಹೊಡೆದರು. ಪೂರ್ಣ ವಾಕ್ಯವಾಗಬೇಕಿದ್ದದ್ದು ನಾಲ್ಕು ಪದದ ತುಂಡಾಗಿ ಅಲ್ಪವಿರಾಮದ ಪಕ್ಕ ಕೂತಿದೆ. ಕರ್ಮಣಿ ಪ್ರಯೋಗ ಹೌದು, ಅರ್ಧಂಬರ್ಧ ಹೌದು. ಆದರೆ ಕತ್ತರಿ ಎಷ್ಟು ಆಡಿದರೂ ತುದಿಯಲ್ಲಿರುವ ಬುಕಾನನ್‌ಗೆ ತಾಗುವುದಿಲ್ಲ. ವಾಕ್ಯ ಸಣ್ಣದಾದದ್ದೇ ಅವನಿಗೆ ಜಾಗ ಮಾಡಿಕೊಡಲಿಕ್ಕೆ.

ಈ ವಿದ್ಯೆಯನ್ನು ನಾವೂ ಕಲಿತೆವು. ಕಲಿಯುವ ಗಡಿಬಿಡಿಯಲ್ಲಿ ಕತ್ತರಿ ಎಲ್ಲಿ ಆಡಿಸಬೇಕೆಂಬುದು ಮಾತ್ರ ಮರೆತುಹೋಯಿತು. ಅವರು ವಾಕ್ಯ ಕಡಿದು ಹೆಸರು ಉಳಿಸಿದರು, ನಾವು ಹೆಸರು ಕಡಿದು ವಾಕ್ಯ ಉಳಿಸಿದೆವು. ಬರೇ ಉಳಿಸಿದ್ದಲ್ಲ, ಉದ್ದ ಮಾಡಿದೆವು: ಎನ್ನಲಾಗಿದೆ, ಹೇಳಲಾಗುತ್ತದೆ, ತಿಳಿದುಬಂದಿದೆ, ಕೇಳಿಬರುತ್ತಿದೆ, ನಂಬಲಾಗಿದೆ, ಅಭಿಪ್ರಾಯಪಡಲಾಗಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುದ್ದಿಗಳು ಒಟ್ಟಿಗೆ ಬರುವ ಪುಟವನ್ನು ಯಾವ ದಿನವಾದರೂ ತೆಗೆಯಿರಿ. ಒಂದು ಚಿರತೆ ಇದ್ದೇ ಇರುತ್ತದೆ. ‘ತೋಟವೊಂದರಲ್ಲಿ ಚಿರತೆ ಕಂಡುಬಂದಿದೆ ಎನ್ನಲಾಗಿದೆ. ಇದರಿಂದ ಆತಂಕ ಸೃಷ್ಟಿಯಾಗಿದೆ ಎಂದು ತಿಳಿದುಬಂದಿದೆ. ಕ್ರಮ ಕೈಗೊಳ್ಳಬೇಕೆಂಬ ಆಗ್ರಹ ಕೇಳಿಬಂದಿದೆ.’ ಸರಿ, ಕಂಡವರು ಯಾರು? ಗೊತ್ತಿಲ್ಲ, ಚಿರತೆ ತಾನಾಗಿ ‘ಕಂಡು’ ತಾನಾಗಿ ‘ಬಂದಿದೆ’. ಎಂದವರು ಯಾರು? ಎನ್ನಲಾಗಿದೆ, ಅಷ್ಟೇ. ತಿಳಿದದ್ದು ಯಾರಿಗೆ? ಅದೂ ತಿಳಿದೇ ಬಂದಿದೆ, ಬಹುಶಃ ಬಸ್ಸಿನಲ್ಲಿ. ಆತಂಕವನ್ನು ಸೃಷ್ಟಿಸಿದವರು, ಆಗ್ರಹಿಸಿದವರು ಯಾರೂ ಇಲ್ಲ. ಮೂರು ವಾಕ್ಯದ ವರದಿಯಲ್ಲಿ ಏನಾದರೂ ಕೆಲಸ ಮಾಡಿದ ಕರ್ತೃ ಎಂದರೆ ಚಿರತೆ ಒಂದೇ.

ನಿಜ ಸಂಗತಿ ಏನೆಂದರೆ, ಬೆಳಗಿನ ಜಾವ ಹಣೆಗೆ ಟಾರ್ಚು ಕಟ್ಟಿಕೊಂಡು ರಬ್ಬರು ಟ್ಯಾಪಿಂಗಿಗೆ ಹೋದವನೊಬ್ಬ ಅದನ್ನು ನೋಡಿರುತ್ತಾನೆ. ಅವನ ಹೆಸರು, ಮನೆ, ಫೋನ್ ನಂಬರು, ಹೆಂಡತಿಯ ತವರುಮನೆ ಎಲ್ಲವೂ ವರದಿಗಾರನಿಗೆ ಗೊತ್ತು. ಹಾಕುವುದಿಲ್ಲ. ಹಾಕಿದರೆ ಅರಣ್ಯ ಇಲಾಖೆಯವರು ಅವನನ್ನು ಹುಡುಕಿಕೊಂಡು ಬರುತ್ತಾರೆ. ನಾಳೆ ಅದು ಚಿರತೆ ಅಲ್ಲ, ಕಾಡುಬೆಕ್ಕು ಎಂದಾದರೆ ಊರಿನವರು ಅವನನ್ನು ಸಾಯುವ ತನಕ ಬೆಕ್ಕು ಎಂದೇ ಕರೆಯುತ್ತಾರೆ. ಈ ಮಟ್ಟಿಗೆ ‘ಎನ್ನಲಾಗಿದೆ’ ಒಂದು ಮಾನವೀಯ ವ್ಯವಸ್ಥೆ ಎಂದು ನಾನು ಒಪ್ಪುತ್ತೇನೆ. ಆದರೆ ಅದೇ ಪದವನ್ನು ಮರಳು ಲಾರಿಗೆ, ಟೆಂಡರಿಗೆ, ಬಿ.ಸಿ. ರೋಡು–ಅಡ್ಡಹೊಳೆ ಚತುಷ್ಪಥಕ್ಕೆ ಬಳಸುವಾಗ ಯಾರ ಮಾನವನ್ನು ಕಾಪಾಡುತ್ತಿದ್ದೇವೆ? ‘ಕಾಮಗಾರಿ ಶೀಘ್ರವೇ ಪೂರ್ಣಗೊಳ್ಳಲಿದೆ ಎನ್ನಲಾಗಿದೆ’ ಎಂಬ ವಾಕ್ಯ ಎಷ್ಟು ಮಳೆಗಾಲ ಕಂಡಿತೋ! ಹೇಳಿದವರ ಹೆಸರು ಹಾಕಿದ್ದರೆ ಮುಂದಿನ ಮಳೆಗಾಲದಲ್ಲಿ ಅವರನ್ನು ಒಂದು ಮಾತು ಕೇಳಬಹುದಿತ್ತು. ಎನ್ನಲಾಗಿದೆಯನ್ನು ಕೇಳಲಿಕ್ಕೆ ಯಾವ ಕಚೇರಿಗೆ ಹೋಗುವುದು?

‘ಬಲ್ಲ ಮೂಲಗಳು’ ಎಂಬವರು ಬೇರೆ ಇದ್ದಾರೆ. ಅವರು ಬಲ್ಲರು, ಹೇಳರು. ಹೇಳಿದರೂ ತಾವು ಹೇಳಿದ್ದೆಂದು ಒಪ್ಪರು. ಮೂಲಕ್ಕೆ ಸಂಬಂಧಿಸಿದ ಈ ವ್ಯಾಧಿಗೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ, ಆಯುರ್ವೇದದವರು ಮೊದಲೇ ಇಟ್ಟಿದ್ದಾರೆ.

ಪೊಲೀಸರ ಪ್ರಕಟಣೆಯನ್ನು ಈ ಸಾಲಿಗೆ ಸೇರಿಸುವುದು ಸ್ವಲ್ಪ ಅನ್ಯಾಯ. ‘ಪಿರ್ಯಾದಿದಾರರು ಈ ದಿನ ಮನೆಯಲ್ಲಿದ್ದ ಸಮಯ ಆಪಾದಿತನು ಅಕ್ರಮವಾಗಿ ಅಂಗಳಕ್ಕೆ ಪ್ರವೇಶಿಸಿ ಅವಾಚ್ಯ ಶಬ್ದಗಳಿಂದ ಬೈದು...’ ಎಂದು ಉಸಿರು ತೆಗೆಯದೆ ಅರ್ಧ ಪುಟ ಓಡಿ, ಕೊನೆಗೆ ‘ಎಂಬಿತ್ಯಾದಿ’ ಎಂದು ನಿಲ್ಲುತ್ತದೆ. ಈ ‘ಎಂಬಿತ್ಯಾದಿ’ ನನಗೆ ಬಹಳ ಇಷ್ಟ. ಜಗತ್ತಿನ ಯಾವ ಭಾಷೆಯ ಉದ್ಧರಣ ಚಿಹ್ನೆಗೂ ಈ ಗತ್ತು ಇಲ್ಲ. ಮೇಲಿನದೆಲ್ಲ ಪಿರ್ಯಾದಿಯ ಮಾತು, ನಮ್ಮದಲ್ಲ, ಇನ್ನೂ ಬೇಕಾದಷ್ಟು ಹೇಳಿದ್ದಾನೆ, ನಮಗೆ ಬರೆದು ಸಾಕಾಯಿತು ಎಂಬಿಷ್ಟು ಅರ್ಥ ನಾಲ್ಕಕ್ಷರದಲ್ಲಿ! ಮೂಲವೂ ಉಂಟು, ಪಿರ್ಯಾದಿ ಅಲ್ಲೇ ಇದ್ದಾನೆ. ಬಾತ್ಮೀದಾರನ ಹೆಸರು ಹೇಳದಿರುವ ಹಕ್ಕು ಪೊಲೀಸರಿಗೆ ಕಾನೂನಿನಲ್ಲೇ ಇತ್ತು. 1872ರ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಅದಕ್ಕಾಗಿಯೇ ಇದ್ದದ್ದು. 2024ರ ಜುಲೈಯಲ್ಲಿ ಹೊಸ ಕಾಯ್ದೆ ಬಂತು. ನಮ್ಮ ಸಂಘ, ಸಮಿತಿ, ಸ್ಮರಣ ಸಂಚಿಕೆಗಳ ಮಂದಿ ಮಾತ್ರ ಆ ಹಳೆಯ 125ನ್ನು ತಮಗಾಗಿಯೇ ಬರೆದದ್ದು ಎಂದುಕೊಂಡು ಈಗಲೂ ಪಾಲಿಸುತ್ತಿದ್ದಾರೆ. ದೇವಸ್ಥಾನದ ಪೌಳಿ ಯಾರು ಕಟ್ಟಿಸಿದರು ಎಂದು ತಿಳಿಸಿದ ಅಜ್ಜಿಯ ಹೆಸರು ಹೊರಗೆ ಬಂದರೆ ಅವರ ಜೀವಕ್ಕೆ ಅಪಾಯ!

ಅದೇ ಅಧಿನಿಯಮದ 60ನೇ ಕಲಂ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನೋಡಿದ ಸಂಗತಿಯಾದರೆ ನೋಡಿದವನೇ ಬಂದು ಹೇಳಬೇಕು, ಕೇಳಿದ್ದಾದರೆ ಕೇಳಿದವನೇ. ಬಂಟ್ವಾಳದ ಕೋರ್ಟಿನ ಕಟಕಟೆಯಲ್ಲಿ ನಿಂತು ‘ಗಡಿಕಲ್ಲನ್ನು ಕೀಳಲಾಗಿದೆ ಎನ್ನಲಾಗಿದೆ’ ಎಂದು ಒಮ್ಮೆ ಹೇಳಿ ನೋಡಿ. ಎದುರು ವಕೀಲರು ಅಡ್ಡಪಾಟೀಸವಾಲನ್ನೇ ಮಾಡುವುದಿಲ್ಲ, ನಿಮ್ಮನ್ನು ಊಟಕ್ಕೆ ಕರೆಯುತ್ತಾರೆ. ಅದೇ ವಾಕ್ಯ ಮರುದಿನ ಪೇಪರಿನಲ್ಲಿ ಬಂದರೆ ಸುದ್ದಿ, ಐವತ್ತು ವರ್ಷದ ಮೇಲೆ ಸಂಚಿಕೆಯಲ್ಲಿ ಬಂದರೆ ಇತಿಹಾಸ.

ಸಂಚಿಕೆಯ ವಿಷಯ ಬಂತಲ್ಲ, ಸ್ವಲ್ಪ ನಿಧಾನಿಸೋಣ. ಮೂರೂ ತಾಲೂಕುಗಳಲ್ಲಿ ಬ್ರಹ್ಮಕಲಶೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ಆಗಲೇಬೇಕು. ಬ್ರಹ್ಮಕಲಶ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ. ಒಂದೇ ಕ್ಷೇತ್ರದ ಸಂಚಿಕೆಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಒಂದು ತುಂಡು ವಾಕ್ಯ ಹೇಗೆ ಹುಟ್ಟುತ್ತದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಮೊದಲನೆಯದು ಮೊಳೆ ಅಚ್ಚಿನ ಕಾಲದ ಸಣ್ಣ ಪುಸ್ತಿಕೆ. ನಿವೃತ್ತ ಮಾಸ್ಟ್ರೊಬ್ಬರು ಬರೆದದ್ದು: ‘ಕೆಳಗಿನ ಮನೆಯ ಅಜ್ಜಿ ನನಗೆ ಹೇಳಿದ್ದೇನೆಂದರೆ, ಅವರ ಅಜ್ಜಿಯ ಕಾಲದಲ್ಲೂ ಈ ಗುಡಿ ಇತ್ತಂತೆ.’ ಎಷ್ಟು ಚೆಂದ! ಅಜ್ಜಿ ಇದ್ದಾರೆ, ಅಜ್ಜಿಯ ಅಜ್ಜಿ ಇದ್ದಾರೆ, ‘ಅಂತೆ’ ಇದೆ. ಎರಡನೆಯ ಸಂಚಿಕೆಯ ಹೊತ್ತಿಗೆ ಅಜ್ಜಿ ತೀರಿಕೊಂಡರು, ಮಾಸ್ಟ್ರ ಲೇಖನವನ್ನು ಇನ್ನೊಬ್ಬರು ‘ಪರಿಷ್ಕರಿಸಿ’ದರು. ‘ಸುಮಾರು 200 ವರ್ಷಗಳ ಹಿಂದಿನದೆಂದು ಊರ ಹಿರಿಯರು ಹೇಳುತ್ತಾರೆ.’ ಒಬ್ಬ ಅಜ್ಜಿ ಬಹುವಚನವಾದರು, ಜತೆಗೆ ಗಂಡಸರೂ ಆದರು. ಮೂರನೆಯದರಲ್ಲಿ ‘500 ವರ್ಷಗಳ ಇತಿಹಾಸವಿದೆಯೆಂದು ಹೇಳಲಾಗುತ್ತದೆ.’ ಹಿರಿಯರೂ ಹೋದರು. ನಾಲ್ಕನೆಯದು ಡಿ.ಟಿ.ಪಿ. ಕಾಲ, ಜಾಗದ ಬೆಲೆ ಗೊತ್ತಾದ ಕಾಲ: ‘800 ವರ್ಷಗಳಷ್ಟು ಪುರಾತನ ಎನ್ನಲಾದ.’ ಈ ‘ಎನ್ನಲಾದ’ವೇ ನಮ್ಮ ಅಚ್ಚ ಕನ್ನಡದ ತುಂಡು ಕರ್ಮಣಿ ವಾಕ್ಯ, ವಿಶೇಷಣದ ವೇಷ ಕಟ್ಟಿ ನಾಮಪದದ ಬಾಗಿಲಲ್ಲಿ ನಿಂತಿದೆ. ಐದನೆಯ ಸಲ ಅದೂ ಬಿದ್ದುಹೋಗಿ, ಹೆದ್ದಾರಿಯ ಸ್ವಾಗತ ಕಮಾನಿನಲ್ಲಿ ಬರೇ ‘ಇತಿಹಾಸಪ್ರಸಿದ್ಧ’ ಉಳಿಯಿತು.

ಮೂಲ ಸಣ್ಣದಾದಷ್ಟೂ ವಯಸ್ಸು ದೊಡ್ಡದಾಗುತ್ತದೆ ಎಂಬುದನ್ನು ಗಮನಿಸಿದಿರಷ್ಟೆ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಇಷ್ಟರಲ್ಲಿ ಊರಿನ ಹುಡುಗಿಯೊಬ್ಬಳು ಸ್ನಾತಕೋತ್ತರ ಪದವಿಗೆ ಕಿರುಪ್ರಬಂಧ ಬರೆಯುತ್ತಾಳೆ. ಉಜಿರೆಯಿಂದ ಮೂಡುಬಿದಿರೆವರೆಗೆ ಕಾಲೇಜುಗಳಿಗೆ ನಮ್ಮಲ್ಲಿ ಬರವಿಲ್ಲ. ಅವಳು ಪ್ರಾಮಾಣಿಕ ಹುಡುಗಿ: ‘ಸ್ಮರಣ ಸಂಚಿಕೆಯಲ್ಲಿ ಉಲ್ಲೇಖಿಸಿರುವಂತೆ’ ಎಂದು ಕ್ರಮವಾಗಿಯೇ ಬರೆಯುತ್ತಾಳೆ. ಆರನೆಯ ಸಂಚಿಕೆಯ ಸಂಪಾದಕರಿಗೆ ಈ ಪ್ರಬಂಧ ಸಿಗುತ್ತದೆ. ಅವರು ಬರೆಯುತ್ತಾರೆ: ‘ಸಂಶೋಧನೆಯಿಂದ ದೃಢಪಟ್ಟಿರುವಂತೆ.’ ಅಜ್ಜಿಯ ಅಜ್ಜಿ ಈಗ ಸಂಶೋಧನೆ. ಕೃತಿಚೌರ್ಯ ತಡೆಗೆಂದು ಯು.ಜಿ.ಸಿ. 2018ರಲ್ಲಿ ನಿಯಮ ತಂದು, ಬೇರೆಯವರ ಬರಹದ ಜತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿತು. ನಮ್ಮವರ ತೊಂದರೆ ಕದಿಯುವುದರಲ್ಲಿ ಇಲ್ಲವೇ ಇಲ್ಲ. ಯಾರಿಂದ ಕದ್ದದ್ದು ಎಂದು ಕಳ್ಳನಿಗೂ ಗೊತ್ತಿಲ್ಲದ ಮಾಲಿಗೆ ಯಾವ ತಂತ್ರಾಂಶ ಏನು ಮಾಡೀತು?

ಅದೇ ಸಂಚಿಕೆಯ ಹಿಂದಿನ ಪುಟಗಳಲ್ಲಿ ಯಾವ ಸಂಶಯವೂ ಇಲ್ಲ. ಸ್ಟೀಲಿನ ಕಾಣಿಕೆ ಡಬ್ಬಿ ಕೊಟ್ಟವರ ಹೆಸರಿದೆ, ಮನೆತನವಿದೆ, ಫೋಟೋ ಇದೆ, ಮುಂಬಯಿಯ ಹೋಟೆಲಿನ ವಿಳಾಸವೂ ಇದೆ. ಟ್ಯೂಬ್‌ಲೈಟ್ ದಾನ ಮಾಡಿದವರ ಹೆಸರು ಟ್ಯೂಬಿನ ಮೇಲೆಯೇ ಇದೆ, ಬೆಳಕು ಅದರ ಸಂದಿಯಲ್ಲಿ ಹೇಗೋ ಬರುತ್ತದೆ. ‘ಟ್ಯೂಬ್‌ಲೈಟನ್ನು ನೀಡಲಾಗಿದೆ ಎನ್ನಲಾಗಿದೆ’ ಎಂದು ಅಚ್ಚಾದರೆ ಮರುದಿನ ಸಮಿತಿಗೆ ರಾಜೀನಾಮೆಗಳ ರಾಶಿ ಬೀಳುತ್ತದೆ. ದುಡ್ಡು ಕೊಟ್ಟವರಿಗೆ ಕರ್ತರಿ ಪ್ರಯೋಗ, ಕತೆ ಕೊಟ್ಟವರಿಗೆ ಕರ್ಮಣಿ.

ಇದನ್ನೆಲ್ಲ ಕನ್ನಡ ಭಾಷೆಯ ತಲೆಗೆ ಕಟ್ಟುವ ಹಾಗಿಲ್ಲ. ಕರ್ಮಣಿ ಪ್ರಯೋಗ ಪಾಪಿಯಲ್ಲ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು. ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಹೇಳಿದರೆ ಮನೆಯವರು ಜ್ವರ ನೋಡುತ್ತಾರೆ. ಆದರೂ ಆ ವಾಕ್ಯದಲ್ಲಿ ರಾಮ ಇದ್ದಾನೆ. ‘ಲಾಗಿದೆ’ ಬಂದ ಮೇಲೆ ‘ರಾವಣನನ್ನು ಕೊಲ್ಲಲಾಗಿದೆ’ ಎಂದಾಯಿತು. ರಾಮನಿಗೆ ಅಲ್ಲಿ ಕುರ್ಚಿಯೇ ಹಾಕಿಲ್ಲ. ನಮ್ಮ ಸಮಿತಿಯ ಕಾರ್ಯದರ್ಶಿಗಳು ಬರೆದರೆ ‘ರಾವಣನನ್ನು ಕೊಲ್ಲಲಾಗಿದೆ ಎನ್ನಲಾಗಿದ್ದು, ಈ ಬಗ್ಗೆ ಲಂಕೆಯ ಸಾರ್ವಜನಿಕ ವಲಯದಲ್ಲಿ ಚರ್ಚೆ ನಡೆಯುತ್ತಿದೆ.’ 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ತಮ್ಮ ಸಂಸತ್ತಿನ ಎದುರು ನಿಂತು ತಪ್ಪುಗಳು ಆಗಿವೆ ಎಂದಷ್ಟೇ ಹೇಳಿ, ಮಾಡಿದವರನ್ನು ನುಂಗಿಕೊಂಡದ್ದು ಅಲ್ಲಿ ಇಂದಿಗೂ ನಗೆಪಾಟಲು. ಇಲ್ಲಿ ಆಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ, ಮಾಮೂಲಿ ಪ್ರಕಟಣೆ.

ಸರಕಾರಿ ಕಾಗದಕ್ಕೆ ಬೇಕಾದರೆ ಸಮಾಧಾನದ ಬಹುಮಾನ ಕೊಡಬಹುದು. ಮೇಲೆಯೇ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ನಂಬರು ಮತ್ತು ತಾರೀಕು ಸಮೇತ. ‘ಉಲ್ಲೇಖ (2)ರಲ್ಲಿ ತಿಳಿಸಿರುವಂತೆ’ ಎಂಬುದು ಇಂಗ್ಲಿಷಿನವರ ಆ ತುಂಡು ವಾಕ್ಯಕ್ಕೆ ನಮ್ಮಲ್ಲಿರುವ ಅತ್ಯಂತ ಹತ್ತಿರದ ಸಂಬಂಧಿ. ಎಲ್ಲ ಸರಿ ಇದೆ, ನೀವು ಆ ಉಲ್ಲೇಖ (2)ನ್ನು ಹುಡುಕಿ ತೆಗೆಯುವವರೆಗೆ. ತೆಗೆದರೆ ಅದರಲ್ಲಿ ‘ಉಲ್ಲೇಖ (1)ರಲ್ಲಿ ತಿಳಿಸಿರುವಂತೆ’ ಎಂದಿರುತ್ತದೆ. ಉಲ್ಲೇಖ (1)ನ್ನು ತೆಗೆದರೆ ‘ಮೌಖಿಕ ಸೂಚನೆಯ ಮೇರೆಗೆ.’

ಹೀಗೆ ಬರೆಯುವುದು ನಮ್ಮ ನೆಲದ ಗುಣ ಎಂದು ಯಾರಾದರೂ ಹೇಳಿದರೆ ಅವರನ್ನು ವೇಣೂರಿಗೆ ಕರೆದುಕೊಂಡು ಹೋಗಿ. 35 ಅಡಿಯ ಗೊಮ್ಮಟ 1604ರಿಂದ ಅಲ್ಲಿ ನಿಂತಿದ್ದಾನೆ. ಪಕ್ಕದ ಶಾಸನ ನಿಲ್ಲಿಸಿದವನು ತಿಮ್ಮ ಎಂದು ಹೇಳುತ್ತದೆ, ಯಾರ ಮಾತಿನಂತೆ ನಿಲ್ಲಿಸಿದ್ದು ಎಂದೂ ಹೇಳುತ್ತದೆ: ಬೆಳ್ಗೊಳದ ಗುರು ಚಾರುಕೀರ್ತಿ. ಅಷ್ಟು ದೊಡ್ಡ ಮೂರ್ತಿ ನಿಲ್ಲಿಸಿದವನಿಗೆ ಇನ್ನೊಬ್ಬರ ಮಾತು ಕೇಳಿ ಮಾಡಿದೆ ಎಂದು ಕಲ್ಲಿನಲ್ಲಿ ಕೊರೆಸಲು ನಾಚಿಕೆಯಾಗಲಿಲ್ಲ. ಕಲ್ಲು ಕೊರೆಯುವುದು ಕೀಲಿಮಣೆ ಕುಟ್ಟುವಷ್ಟು ಸುಲಭವೂ ಅಲ್ಲ, ಅಕ್ಷರಕ್ಕೆ ಕೂಲಿ ಉಂಟು. ಉಳಿತಾಯ ಮಾಡಬೇಕಿದ್ದರೆ ಅಲ್ಲಿ ಮಾಡಬೇಕಿತ್ತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ 1430ರ ಕಾಲಮಾನ ಹೇಳುವವರು ‘ನಂಬಲಾಗಿದೆ’ಯವರಲ್ಲ, ಅಲ್ಲಿನ ಶಾಸನಗಳು. ಪಾಪ, ಕಲ್ಲುಗಳಿಗೆ ಪತ್ರಿಕೋದ್ಯಮದ ತರಬೇತಿ ಆಗಿರಲಿಲ್ಲ.

ಉಳ್ಳಾಲದ ರಾಣಿ ಅಬ್ಬಕ್ಕನ ಪ್ರಕರಣವಂತೂ ಇನ್ನೂ ಸ್ವಾರಸ್ಯ. ಅವಳು ಚೌಟರವಳು, ನವನಾರೀ ಕುಂಜರ, ಪಂಚನಾರೀ ತುರಗದ ಮರದ ಕೆತ್ತನೆಗಳಿರುವ ಚೌಟರ ಅರಮನೆ ಮೂಡುಬಿದಿರೆಯಲ್ಲಿದೆ. ಹದಿನಾರನೆಯ ಶತಮಾನದ ನಡುವೆ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನನ್ನು ವೇದಿಕೆಯ ಭಾಷಣಗಳು ಒಂದೇ ಉಸಿರಿನಲ್ಲಿ 1623ರವರೆಗೂ ತಂದು ನಿಲ್ಲಿಸುತ್ತವೆ. ಲೆಕ್ಕ ಹಾಕಿದರೆ ನೂರರ ಹತ್ತಿರದ ಮುದುಕಿ. ‘ಎನ್ನಲಾಗಿದೆ’ಗೆ ಲೆಕ್ಕದ ಹಂಗಿಲ್ಲ. ಆದರೆ 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬರಿಗಾಲು, ಸಾದಾ ಬಟ್ಟೆ, ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ವಯಸ್ಸು? ಮುಖ ನೋಡಿ ನನಗೆ ಅಂದಾಜಾದ ಮಟ್ಟಿಗೆ ನಲವತ್ತರ ಆಸುಪಾಸು ಎಂದಿದ್ದಾನೆ. ‘ನನಗೆ ಅಂದಾಜಾದ ಮಟ್ಟಿಗೆ’! ಆ ಒಂದು ತುಂಡು ಮಾತಿನಿಂದ ಇಬ್ಬರು ರಾಣಿಯರು ಬೇರೆ ಬೇರೆಯಾಗಿ ನಿಲ್ಲುತ್ತಾರೆ. ಪುಣ್ಯಕ್ಕೆ ಅವನಿಗೆ ನಮ್ಮ ಹಾಗೆ ಬರೆಯಲು ಬರುತ್ತಿರಲಿಲ್ಲ.

ಬುಕಾನನ್ ಕತೆಯೂ ಅದೇ. 1801ರಲ್ಲಿ ಬಂಟ್ವಾಳ, ಜಮಾಲಾಬಾದು, ವೇಣೂರು, ಮೂಡುಬಿದಿರೆಯ ದಾರಿಯಲ್ಲಿ ಹೋದವನು ಬ್ರಾಹ್ಮಣರು ಹೇಳಿದ್ದು ಬ್ರಾಹ್ಮಣರದು, ಜೈನರು ಹೇಳಿದ್ದು ಜೈನರದು ಎಂದು ಬೇರೆ ಬೇರೆ ಮಾಡಿ ಬರೆದುಕೊಂಡ. ಕುಂಪಣಿಯ ಲೆಕ್ಕಕ್ಕೆ ಬಂದ ಮನುಷ್ಯ, ಅವನ ಮೇಲೆ ನನಗೇನೂ ಪ್ರೀತಿ ಇಲ್ಲ. ಆದರೆ ಈಗ ಬಂಟ್ವಾಳದ ಬಗ್ಗೆ ಬರೆಯುವವರೆಲ್ಲ ಅವನಿಂದ ಎತ್ತಿಕೊಂಡು ‘ಬ್ರಿಟಿಷರ ದಾಖಲೆಗಳಲ್ಲಿ ಉಲ್ಲೇಖವಿದೆ’ ಎನ್ನುತ್ತಾರೆ. ಯಾವ ಬ್ರಿಟಿಷ್? ಯಾವ ದಾಖಲೆ? ಇಂಗ್ಲಿಷಿನವರ ತುಂಡು ವಾಕ್ಯದಲ್ಲಿ ಉಳಿದ ಬುಕಾನನ್‌ಗೆ ಅವನು ಸ್ವತಃ ನಡೆದು ಹೋದ ಊರಿನಲ್ಲೇ ಹೆಸರಿಲ್ಲ.

ಸಣ್ಣದು ಮಾಡಲೇಬೇಕೆಂದಿದ್ದರೆ ಮಂಗಳೂರಿನಲ್ಲೇ ಮಾದರಿ ಇತ್ತಲ್ಲ. 1894ರಲ್ಲಿ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆರೆಯಿರಿ. ಪದದ ಪಕ್ಕದಲ್ಲೇ ಅದು ಎಲ್ಲಿಂದ ಬಂತೆಂಬ ಗುರುತು. ಶಬ್ದಮಣಿದರ್ಪಣಕ್ಕೆ ಮೂರು ರೋಮನ್ ಅಕ್ಷರ, ಜೈಮಿನಿ ಭಾರತಕ್ಕೆ ಒಂದೇ ಅಕ್ಷರ. ‘ಎಂದು ಹೇಳಲಾಗುತ್ತದೆ’ ಎಂಬಷ್ಟು ಉದ್ದದೊಳಗೆ ಆ ಪಾದ್ರಿ ನಾಲ್ಕು ಗ್ರಂಥಗಳನ್ನು ಕೂರಿಸುತ್ತಿದ್ದ. ಇನ್ನೂ ಹಿಂದೆ ಹೋಗಿ: ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಮೊದಲಿನ ಗದ್ಯಕಾರರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರು ಹೇಳಿತು. ಅವರು ಕನ್ನಡದಲ್ಲಿ ಬರೆದದ್ದು ಒಂದೂ ನಮ್ಮ ಕೈಗೆ ಬಂದಿಲ್ಲ, ಹೆಸರು ಬಂದಿದೆ. ಆ ಕವಿ ‘ಹಿಂದೆಯೂ ಗದ್ಯ ರಚಿಸಲಾಗಿತ್ತು ಎನ್ನಲಾಗಿದೆ’ ಎಂದು ಬರೆದಿದ್ದರೆ ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ನಾಲ್ಕು ಜನ ಕಡಿಮೆ.

ಹೆಸರು ಅಡಗಿಸುವ ಕಲೆಯನ್ನು ಘನತೆಯಿಂದ ಮಾಡಿದವರೂ ಈ ಭಾಗದಲ್ಲಿ ಇದ್ದರು ಎನ್ನದಿದ್ದರೆ ತಪ್ಪಾಗುತ್ತದೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂದು ಸಹಿ ಹಾಕಿದರು. ಮೂಡುಬಿದಿರೆಯಿಂದ ದೂರವೇನೂ ಅಲ್ಲದ ನಂದಳಿಕೆಯ ಲಕ್ಷ್ಮೀನಾರಣಪ್ಪ ಇನ್ನೂ ಮುಂದೆ ಹೋದರು. ಡ್ರಿಲ್ ಮಾಸ್ಟ್ರು, 1901ರಲ್ಲಿ ಮೂವತ್ತೊಂದರ ಪ್ರಾಯಕ್ಕೇ ತೀರಿಕೊಂಡವರು. ತಾನೇ ಬರೆದ ರಾಮಾಶ್ವಮೇಧವನ್ನು ಮುದ್ದಣನೆಂಬ ಕವಿಯದೆಂದು, ಹಳೆಯ ಕಾವ್ಯವೆಂಬಂತೆ ಮೈಸೂರಿಗೆ ಕಳಿಸಿ ಅಚ್ಚಾಗುವಂತೆ ಮಾಡಿದರು. ಕೃತಿ ತನ್ನದು, ಹೆಸರು ಇನ್ನೊಬ್ಬರದು. ನಮ್ಮ ಸಂಚಿಕೆಗಳ ಲೇಖಕರು ಅವರನ್ನು ತಿರುವುಮುರುವಾಗಿ ಅನುಸರಿಸುತ್ತಿದ್ದಾರೆ: ಕೃತಿ ಇನ್ನೊಬ್ಬರದು, ಹೆಸರು ತನ್ನದು.

ಬರೆಯಲು ಕೂತಾಗ ಮಾತ್ರ ನಮಗೆ ಈ ರೋಗ. ಮಾತಾಡುವಾಗ ಇಲ್ಲ. ಗುರುವಾಯನಕೆರೆಯ ಹೋಟೆಲಿನಲ್ಲಿ ಅದೇ ಚಿರತೆಯ ಸುದ್ದಿ ಹೇಗೆ ಬರುತ್ತದೆ ಕೇಳಿ: ‘ಚಿಟ್ಟೆಪಿಲಿ ಬೈದ್ಂಡ್‌ಗೆ.’ ಕೊನೆಯ ಆ ‘ಗೆ’ ಇದೆಯಲ್ಲ, ಒಂದೇ ಅಕ್ಷರ, ನಾನು ನೋಡಿದ್ದಲ್ಲ ಕೇಳಿದ್ದು ಎಂದು ಅದು ಸಾರಿಬಿಟ್ಟಿತು. ಹವ್ಯಕರ ಮನೆಯಲ್ಲಾದರೆ ‘ಬೈಂದಡ’, ಆ ‘ಅಡ’ ಅದೇ ಕೆಲಸ ಮಾಡುತ್ತದೆ. ಘಟ್ಟದ ಮೇಲಿನವರ ‘ಬಂದಿದೆಯಂತೆ’ಯೂ ಅಷ್ಟೇ. ಇಂಗ್ಲಿಷಿನ ತುಂಡು ವಾಕ್ಯಕ್ಕಿಂತ ಎಷ್ಟು ಸಣ್ಣದು! ಮತ್ತು ಅದು ಅಲ್ಲಿಗೆ ನಿಲ್ಲುವುದಿಲ್ಲ. ಎದುರು ಕೂತವರು ಲೋಟ ಕೆಳಗಿಡುವ ಮೊದಲು ಕೇಳುತ್ತಾರೆ: ‘ಏರ್ ಪಂಡಿನಿ?’ ಯಾರು ಹೇಳಿದ್ದು? ಭಾವ ಹೇಳಿದ. ಭಾವ ನೋಡಿದನಾ? ಇಲ್ಲ, ಭಾವನ ಹೆಂಡತಿ. ಅವಳು ಎಂತ ನೋಡಿದ್ದು? ನಾಯಿ ಬೊಗಳುವುದನ್ನು. ಎರಡು ನಿಮಿಷದಲ್ಲಿ ಚಿರತೆ ನಾಯಿಯಾಗಿ ಮನೆಗೆ ಹೋಯಿತು. ಈ ಹೋಟೆಲಿನ ಗಿರಾಕಿಗಳನ್ನು ಪತ್ರಿಕೆಯ ಡೆಸ್ಕಿಗೂ ಸಂಚಿಕೆಯ ಸಂಪಾದಕ ಮಂಡಳಿಗೂ ಯಾಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಬಹಳ ದಿನದ ಪ್ರಶ್ನೆ.

ತಾಳಮದ್ದಳೆಯಲ್ಲೂ ಇದೇ ಶಿಸ್ತು. ಕರ್ಣನ ಅರ್ಥಧಾರಿ ‘ಶಾಸ್ತ್ರದಲ್ಲಿ ಹೇಳಿದೆ’ ಎಂದು ಬಾಯಿ ಬಿಟ್ಟರೆ ಸಾಕು, ಎದುರಿನ ಕೃಷ್ಣ ‘ಯಾವ ಶಾಸ್ತ್ರ?’ ಎನ್ನುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಕೂತಿದ್ದಾಗ ‘ಎನ್ನಲಾಗಿದೆ’ ಎಂದು ಅರ್ಥ ಹೇಳಿ ಮಂಗಳದವರೆಗೆ ಉಳಿಯುವ ಧೈರ್ಯ ಯಾರಿಗಿತ್ತು?

ನೇಮದ ಕಳಕ್ಕೆ ಬನ್ನಿ. ದೈವ ಯಾವತ್ತಾದರೂ ಕರ್ಮಣಿಯಲ್ಲಿ ನುಡಿ ಕೊಟ್ಟದ್ದು ಕೇಳಿದ್ದೀರಾ? ನಾನು ನೋಡಿಕೊಳ್ಳುತ್ತೇನೆ, ನಾನು ಕಾಯುತ್ತೇನೆ, ನಾನು ಕೇಳುತ್ತೇನೆ. ಗುತ್ತಿನವರು, ಗುರಿಕಾರರು, ಊರಿನ ಹತ್ತು ಸಮಸ್ತರು, ಎಲ್ಲರನ್ನೂ ಕ್ರಮ ತಪ್ಪದೆ ಕರೆಯುತ್ತದೆ. ಕ್ರಮ ತಪ್ಪಿದರೆ ಅಲ್ಲೇ ಜಗಳ. ಅದೇ ಸಂದರ್ಭಕ್ಕೆ ಆಡಳಿತ ಸಮಿತಿಯವರು ಓದುವ ವರದಿಯನ್ನೂ ಕೇಳಿ: ‘ಖರ್ಚು ಮಾಡಲಾಗಿದೆ, ಬಾಕಿ ಇರಿಸಲಾಗಿದೆ, ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು.’

ನ್ಯಾಯವಾಗಿ ಹೇಳಬೇಕಾದ ಒಂದು ಮಾತು ಬಾಕಿ ಇದೆ. ನಮ್ಮ ಪತ್ರಿಕೆಗಳು ಕರ್ತೃವನ್ನು ಹೆಸರಿಸುವುದೇ ಇಲ್ಲ ಎಂದರೆ ಅದು ಆರೋಪವಾದೀತು. ಚಿರತೆ ಯಾರಿಗೆ ಕಂಡಿತೋ ಗೊತ್ತಿಲ್ಲ, ರಸ್ತೆ ಯಾರು ಮುಗಿಸುತ್ತಾರೋ ಗೊತ್ತಿಲ್ಲ, ಆದರೆ ಇಂಥ ಅಂಕಣದ ಕೆಳಗೆ ಸಣ್ಣ ಅಕ್ಷರದಲ್ಲಿ, ಯಾವ ‘ಲಾಗಿದೆ’ಯ ಸಹಾಯವೂ ಇಲ್ಲದೆ, ಸ್ಪಷ್ಟವಾಗಿ ಬರೆದಿರುತ್ತಾರೆ: ‘ಇಲ್ಲಿನ ಅಭಿಪ್ರಾಯಗಳು ಲೇಖಕರವು, ಪತ್ರಿಕೆಯದಲ್ಲ.’